ಬಿಗಿದ ಕೈಗೆ ಪಳಗಿದ ಕೈ

ಲಕ್ವ ಹೊಡೆದು ಕೆಲವು ತಿಂಗಳಾದ ಮೇಲೆ ಅನೇಕರಿಗೆ ಕೈ ಎದೆಯ ಕಡೆಗೆ ಮಡಚಿಕೊಳ್ಳುತ್ತದೆ. ಮೊಣಕೈ ಬಿಡಿಸಲು ಹೋದರೆ ಎದುರು ಎಳೆಯುತ್ತದೆ. ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡು, ಉಗುರು ಅಂಗೈಗೆ ಒತ್ತಿ, ಬೆವರು ನಿಂತು ವಾಸನೆ ಬರುತ್ತದೆ. ಅಷ್ಟು ಹೊತ್ತಿಗೆ ಮನೆಯವರು ಎಣ್ಣೆ ನೀವಿಸಿರುತ್ತಾರೆ, ಯಾರದೋ ಮಾತು ಕೇಳಿ ಪಾರಿವಾಳದ ರಕ್ತವನ್ನೂ ಹಚ್ಚಿಸಿರುತ್ತಾರೆ, ಫಿಸಿಯೋಥೆರಪಿಗೆ ಓಡಾಡಿ ಸುಸ್ತಾಗಿರುತ್ತಾರೆ. ಕೊನೆಗೆ ನೆಂಟರೊಬ್ಬರು "ಬೊಟಾಕ್ಸ್ ಅಂತ ಒಂದು ಇಂಜೆಕ್ಷನ್ ಇದೆಯಂತೆ, ಹಾಕಿಸಿಬಿಡಿ" ಎನ್ನುತ್ತಾರೆ.

ಈ ಬಿಗಿತಕ್ಕೆ ವೈದ್ಯರು ಹೇಳುವ ಹೆಸರು ಸ್ಪಾಸ್ಟಿಸಿಟಿ. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ಬೆನ್ನುಹುರಿಯ ಗಾಯ, ಮಲ್ಟಿಪಲ್ ಸ್ಕ್ಲೆರೋಸಿಸ್, ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ, ಹೀಗೆ ಇದರ ಮೂಲಗಳು ಹಲವು. ಇದೊಂದನ್ನೇ ಕಲಿಯಲು ಆಗಲೇ ತಜ್ಞರಾಗಿರುವ ವೈದ್ಯರು ಮತ್ತೆ ಆರು ತಿಂಗಳು, ವರ್ಷ ಎಂದು ಫೆಲೋಶಿಪ್ ಮಾಡುತ್ತಾರೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಹುಬ್ಬೇರಿಸುವವರಲ್ಲಿ ವೈದ್ಯರೂ ಇದ್ದಾರೆ. ಅವರ ಅನುಮಾನಗಳ ಹಿಂದೆ ಇರುವ ಕೆಲವು ನಂಬಿಕೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಎಂಡಿ ಮುಗಿಸಿದವರಿಗೆ ಇದೆಲ್ಲ ಬಂದೇ ಇರುತ್ತದೆ

ವಾಸ್ತವ: ಎಂಬಿಬಿಎಸ್‌ನಲ್ಲಿ ಸ್ಪಾಸ್ಟಿಸಿಟಿ ಒಂದು ಲಕ್ಷಣದ ಹೆಸರು ಮಾತ್ರ. ರೋಗಿಯ ಕಾಲು ಎತ್ತಿ ನೋಡಿ 'ಟೋನ್ ಹೆಚ್ಚಿದೆ' ಎಂದರೆ ಪರೀಕ್ಷಕರು ತಲೆಯಾಡಿಸುತ್ತಾರೆ. ಆಮೇಲೆ ಆ ರೋಗಿ ಯಾರ ಪಾಲು ಎಂಬುದೇ ಗೊಂದಲ. ನರರೋಗ ತಜ್ಞರ ಕೊಠಡಿಯ ಮುಂದೆ ಫಿಟ್ಸ್, ತಲೆನೋವು, ಹೊಸದಾಗಿ ಲಕ್ವ ಹೊಡೆದವರ ಸಾಲು ಮುಗಿಯುವುದೇ ಇಲ್ಲ. ಮೂಳೆ ವೈದ್ಯರ ಬಳಿಗೆ ಇವರು ಹೋಗುವುದು ಕೀಲು ಪೂರ್ತಿ ಗಟ್ಟಿಯಾದ ಮೇಲೆ. ನ್ಯಾಯವಾಗಿ ಇದು ಪುನಶ್ಚೇತನ ವೈದ್ಯರ, ಅಂದರೆ ಪಿಎಂಆರ್ ಎಂಡಿ ಮಾಡಿದವರ ಕೆಲಸ. ಆದರೆ ಅವರ ಮೂರು ವರ್ಷದಲ್ಲಿ ಕೃತಕ ಕಾಲು, ಬೆನ್ನುಹುರಿ ಗಾಯ, ಸಂಧಿವಾತ, ಒತ್ತುಹುಣ್ಣು, ಮೂತ್ರಕೋಶದ ತೊಂದರೆ, ಅಂಗವೈಕಲ್ಯದ ಪ್ರಮಾಣಪತ್ರ ಎಲ್ಲವೂ ಸೇರಿಕೊಂಡಿರುತ್ತವೆ. ಇಂಜೆಕ್ಷನ್ ಕೊಳ್ಳಲಾಗದ ರೋಗಿಗಳೇ ಹೆಚ್ಚಿರುವ ಆಸ್ಪತ್ರೆಯಲ್ಲಿ ಕಲಿತವರು ಬೆರಳೆಣಿಕೆಯಷ್ಟು ಇಂಜೆಕ್ಷನ್‌ಗಳನ್ನಷ್ಟೇ ಹಾಕಿರಬಹುದು. ಬಿಗಿತ ಇಳಿಸುವ ಔಷಧವನ್ನು ಬೆನ್ನುಹುರಿಯ ದ್ರವಕ್ಕೆ ಹರಿಸುವ ಬ್ಯಾಕ್ಲೋಫೆನ್ ಪಂಪನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿರುವ ಸಾಧ್ಯತೆಯೂ ಇದೆ. ಅವರ ಜಾಣ್ಮೆಯಲ್ಲಿ ಕೊರತೆಯಿಲ್ಲ, ಕೈಗೆ ಸಿಕ್ಕ ರೋಗಿಗಳ ಸಂಖ್ಯೆ ಕಡಿಮೆ ಅಷ್ಟೆ.

ತಪ್ಪು ಕಲ್ಪನೆ: ಬಿಗಿತ ಎಂದರೆ ಬಿಗಿತ, ಅದರಲ್ಲೇನು ತಿಳಿಯುವುದಿದೆ?

ವಾಸ್ತವ: ಇಲ್ಲಿಂದಲೇ ಫೆಲೋಶಿಪ್‌ನ ಪಾಠ ಶುರುವಾಗುತ್ತದೆ.

ಸ್ನಾಯುವನ್ನು ಎಳೆದರೆ ಅದು ತಾನಾಗಿ ಮರಳಿ ಸಂಕುಚಿಸುವುದು ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ಪ್ರತಿವರ್ತನೆ. ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದಾಗ ಕಾಲು ಜಿಗಿಯುವುದು ಅದರಿಂದಲೇ. ಮೆದುಳು ಮೇಲಿನಿಂದ ಇದನ್ನು ಹದದಲ್ಲಿ ಇಟ್ಟಿರುತ್ತದೆ. ಮೆದುಳಿಗೋ ಬೆನ್ನುಹುರಿಗೋ ಪೆಟ್ಟಾದಾಗ ಆ ಹಿಡಿತ ತಪ್ಪಿ ಪ್ರತಿವರ್ತನೆ ಅತಿಯಾಗುತ್ತದೆ. 1980ರಲ್ಲಿ ಆಸ್ಟ್ರೇಲಿಯಾದ ನರತಜ್ಞ ಜೇಮ್ಸ್ ಲ್ಯಾನ್ಸ್ ಕೊಟ್ಟ ವ್ಯಾಖ್ಯಾನ ಈಗಲೂ ಎಲ್ಲ ಪಠ್ಯಗಳಲ್ಲಿದೆ. ಅದರ ಜೀವಾಳ ಇಷ್ಟು: ಎಳೆಯುವ ವೇಗ ಹೆಚ್ಚಿದಷ್ಟೂ ಸ್ನಾಯುವಿನ ಪ್ರತಿರೋಧ ಹೆಚ್ಚುತ್ತದೆ.

ವೇಗದ ಈ ಮಾತು ಎಷ್ಟು ಮುಖ್ಯ ಎಂಬುದು ಪರೀಕ್ಷೆಯ ಹೊತ್ತಿನಲ್ಲಿ ಕಾಣುತ್ತದೆ. ವೈದ್ಯೆಯೊಬ್ಬರು ಲಕ್ವ ಹೊಡೆದ ಅಜ್ಜನ ಮೊಣಕೈ ಹಿಡಿದು ಮೊದಲು ತೀರಾ ನಿಧಾನವಾಗಿ ಬಿಡಿಸುತ್ತಾರೆ. ಹೆಚ್ಚು ತಕರಾರಿಲ್ಲದೆ ಕೈ ಬಹುಪಾಲು ನೆಟ್ಟಗಾಗುತ್ತದೆ. ಕೋನಮಾಪಕ ಇಟ್ಟು ಆ ಕೋನವನ್ನು ಬರೆದುಕೊಳ್ಳುತ್ತಾರೆ. ಮತ್ತೆ ಮಡಚಿ, ಈ ಸಲ ಸರ್ರನೆ ಎಳೆಯುತ್ತಾರೆ. ಅರ್ಧ ದಾರಿಯಲ್ಲಿ ಕೈ ಗಕ್ಕನೆ ನಿಲ್ಲುತ್ತದೆ. ಆ ಕೋನವೂ ದಾಖಲಾಗುತ್ತದೆ. ಎರಡು ಕೋನಗಳ ನಡುವಿನ ಅಂತರವೇ ನರದ ಕಾರುಬಾರು, ಇಂಜೆಕ್ಷನ್‌ಗೆ ಬಗ್ಗುವ ಪಾಲು. ನಿಧಾನವಾಗಿ ಎಳೆದರೂ ಬಿಡದೆ ಉಳಿದದ್ದು ಸ್ನಾಯು ಕುಗ್ಗಿ ಗಿಡ್ಡವಾದ ಪಾಲು. ಅದನ್ನು ಪಟ್ಟಿ ಹಾಕಿ ದಿನಗಟ್ಟಲೆ ಹಿಗ್ಗಿಸಬೇಕು, ಇಲ್ಲವೇ ಶಸ್ತ್ರಚಿಕಿತ್ಸೆಯಿಂದ ಉದ್ದ ಮಾಡಬೇಕು. ಅಲ್ಲಿಗೆ ಸಾವಿರಾರು ರೂಪಾಯಿಯ ಬೊಟುಲಿನಂ, ಅಂದರೆ ಬೊಟಾಕ್ಸ್‌ನೊಳಗಿನ ಔಷಧ, ಸುರಿದರೂ ಹಣ ಹೋಗುತ್ತದೆ, ಕೈ ಇದ್ದಲ್ಲೇ ಇರುತ್ತದೆ.

ಈ ಎರಡು ವೇಗದ ಪರೀಕ್ಷೆಗೆ ಟಾರ್ಡ್ಯೂ ಮಾಪಕ ಎಂಬ ಹೆಸರಿದೆ. ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು 1964ರ ಆಶ್ವರ್ತ್ ಮಾಪಕ, ಅದನ್ನು 1987ರಲ್ಲಿ ಬೋಹಾನನ್ ಮತ್ತು ಸ್ಮಿತ್ ಪರಿಷ್ಕರಿಸಿದರು. ಸೊನ್ನೆಯಿಂದ ನಾಲ್ಕರವರೆಗಿನ ಒಂದು ಅಂಕಿ ಕೊಟ್ಟರೆ ಆಯಿತು, ಸುಲಭ. ಆದರೆ ನರದ ಬಿಗಿತವನ್ನೂ ಗಿಡ್ಡವಾದ ಸ್ನಾಯುವನ್ನೂ ಅದು ಬೇರೆ ಮಾಡಿ ತೋರಿಸುವುದಿಲ್ಲ. ಕೇಸ್ ಶೀಟ್‌ನಲ್ಲಿ ಆಶ್ವರ್ತ್ ಅಂಕಿಯೊಂದನ್ನೇ ಬರೆದು ಇಂಜೆಕ್ಷನ್‌ಗೆ ಕಳಿಸಿದ ರೋಗಿಗಳು ಎಲ್ಲ ಕಡೆ ಇದ್ದಾರೆ.

ಇನ್ನೂ ಗೋಜಲಿದೆ. ಪಾರ್ಕಿನ್ಸನ್ ರೋಗದ ಬಿಗಿತ ವೇಗಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ, ನಿಧಾನಕ್ಕೂ ಜೋರಿಗೂ ಒಂದೇ ಸಮ. ಸೆರೆಬ್ರಲ್ ಪಾಲ್ಸಿಯ ಅನೇಕ ಮಕ್ಕಳಲ್ಲಿ ಡಿಸ್ಟೋನಿಯಾ ಬೆರೆತಿರುತ್ತದೆ: ಮಗು ಮಲಗಿದಾಗ ಕಾಲು ಸಡಿಲ, ಯಾರೋ ಮಾತಾಡಿಸಿದರೆ ಅಥವಾ ಮಗು ಏನನ್ನೋ ಹಿಡಿಯಲು ಹೋದರೆ ಮೈಯೆಲ್ಲ ತಿರುಚಿಕೊಳ್ಳುತ್ತದೆ. ಇವೆರಡನ್ನೂ ಬೇರೆ ಮಾಡದೆ ಬೆನ್ನುಹುರಿಯ ಬೇರುನರಗಳನ್ನು ಕತ್ತರಿಸುವ ರೈಜೋಟಮಿಗೆ ಕಳಿಸಿದರೆ, ಬಿಗಿತ ಇಳಿದ ಮೇಲೆ ಕೆಳಗಿದ್ದ ಡಿಸ್ಟೋನಿಯಾ ಎದ್ದು ಕಾಣುತ್ತದೆ. ಕತ್ತರಿಸಿದ ನರವನ್ನು ಮತ್ತೆ ಜೋಡಿಸಲಾಗದು.

ತಪ್ಪು ಕಲ್ಪನೆ: ಬಿಗಿತ ಕಂಡ ಕೂಡಲೇ ಇಳಿಸಬೇಕು

ವಾಸ್ತವ: ಬಲ ಕಳೆದುಕೊಂಡ ಕಾಲಿಗೆ ತೊಡೆಯ ಮುಂಭಾಗದ ಸ್ನಾಯುವಿನ ಬಿಗಿತ, ಗೊನೆ ಬಿಟ್ಟ ಬಾಳೆಗೆ ಕೊಟ್ಟ ಊರುಗೋಲಿನ ಹಾಗೆ. ನೋಡಲು ಚಂದವಿಲ್ಲ ಎಂದು ತೆಗೆದರೆ ಗಿಡವೇ ಮಲಗುತ್ತದೆ. ಕಾಲು ಕೋಲಿನಂತೆ ಸೆಟೆದಿದ್ದರೂ ಅದರ ಮೇಲೆ ಭಾರ ಹಾಕಿ ಹಾಸಿಗೆಯಿಂದ ಬಚ್ಚಲಿಗೆ ನಡೆದು ಹೋಗುತ್ತಿದ್ದವರು, 'ಯಶಸ್ವಿ' ಚಿಕಿತ್ಸೆಯ ನಂತರ ಮಂಡಿ ಕುಸಿದು ಗಾಲಿಕುರ್ಚಿ ಹಿಡಿಯುವುದುಂಟು. ಆಶ್ವರ್ತ್ ಅಂಕಿ ಮಾತ್ರ ಮೂರರಿಂದ ಒಂದಕ್ಕೆ ಇಳಿದಿರುತ್ತದೆ!

ಹಾಗಾಗಿ ಒಳ್ಳೆಯ ತರಬೇತಿಯಲ್ಲಿ ಫೆಲೋಗೆ ಹೇಳಿಕೊಡುವ ಮೊದಲ ಪ್ರಶ್ನೆ 'ಎಷ್ಟು ಬಿಗಿ?' ಎಂಬುದಲ್ಲ, 'ಇದರಿಂದ ನಿಮಗೆ ಏನು ತೊಂದರೆ?' ಎಂಬುದು. ಉತ್ತರಗಳು ತೀರಾ ಸಾಮಾನ್ಯ ಸಂಗತಿಗಳಾಗಿರುತ್ತವೆ. ರವಿಕೆಯ ತೋಳು ತೂರಿಸಲಾಗುತ್ತಿಲ್ಲ. ಅಂಗೈ ತೊಳೆದು ಉಗುರು ಕತ್ತರಿಸಲಾಗುತ್ತಿಲ್ಲ. ತೊಡೆಗಳು ಅಂಟಿಕೊಂಡು ಅಮ್ಮನಿಗೆ ಡೈಪರ್ ಬದಲಿಸಲು ಸೊಸೆಗೆ ಇನ್ನೊಬ್ಬರು ಬೇಕು. ರಾತ್ರಿ ಕಾಲು ಜರ್ರನೆ ಸೆಳೆದು ನಿದ್ದೆ ಹಾರುತ್ತದೆ. ಇಂಥ ಒಂದೊಂದು ಉತ್ತರವೂ ಚಿಕಿತ್ಸೆಯ ಗುರಿಯಾಗಿ ಕೇಸ್ ಶೀಟ್‌ಗೆ ಹೋಗಬೇಕು. ಆರು ವಾರದ ನಂತರ ಆ ಗುರಿ ಎಷ್ಟು ಈಡೇರಿತು ಎಂದು ಅಂಕ ಕೊಡುವ ಪದ್ಧತಿ ಇದೆ. 1968ರಲ್ಲಿ ಕಿರೆಸುಕ್ ಮತ್ತು ಶರ್ಮನ್ ಅದನ್ನು ರೂಪಿಸಿದ್ದು ಮಾನಸಿಕ ಆರೋಗ್ಯ ಸೇವೆಗಾಗಿ, ಪುನಶ್ಚೇತನ ವೈದ್ಯರು ಅದನ್ನು ತಮ್ಮದಾಗಿಸಿಕೊಂಡರು. ಯಾರಿಗೂ ಗುರಿ ಹೇಳಲು ಬರುತ್ತಿಲ್ಲವೆಂದರೆ ಬಹುಶಃ ಇಂಜೆಕ್ಷನ್ ಬೇಕಿಲ್ಲ.

ಬಿಗಿತ ಇದ್ದಕ್ಕಿದ್ದಂತೆ ಏರಿದಾಗ ಔಷಧ ಏರಿಸುವುದು ಹೊಸಬರ ಕೈಚಳಕ. ಅನುಭವಿ ಮೊದಲು ಹೊದಿಕೆ ಸರಿಸಿ ನೋಡುತ್ತಾರೆ. ಮೂತ್ರದ ಸೋಂಕಿದೆಯೇ, ಕ್ಯಾಥೆಟರ್ ಕಟ್ಟಿಕೊಂಡಿದೆಯೇ, ಮಲಬದ್ಧತೆಯೇ, ಸೊಂಟದ ಕೆಳಗೆ ಒತ್ತುಹುಣ್ಣು ಎದ್ದಿದೆಯೇ, ಹೆಬ್ಬೆರಳಿನ ಉಗುರು ಒಳಕ್ಕೆ ಬೆಳೆದಿದೆಯೇ? ಬೆನ್ನುಹುರಿ ಗಾಯವಾದ ಅನೇಕರಿಗೆ ಸೊಂಟದ ಕೆಳಗಿನ ನೋವು ತಿಳಿಯದು, ಆ ನೋವಿನ ಸುದ್ದಿ ಬಿಗಿತದ ರೂಪದಲ್ಲಿ ಹೊರಬರುತ್ತದೆ. ಉಗುರಿಗೆ ಚಿಕಿತ್ಸೆ ಮಾಡಿದರೆ ಕಾಲಿನ ಸೆಳೆತ ಇಳಿಯುತ್ತದೆ ಎಂದರೆ ಮನೆಯವರು ನಂಬಲಿಕ್ಕಿಲ್ಲ. ಆದರೆ ಅದು ನಿಜ.

ತಪ್ಪು ಕಲ್ಪನೆ: ಬೊಟಾಕ್ಸ್ ಸುಕ್ಕು ತೆಗೆಯುವ ಔಷಧ, ಇದಕ್ಕೆ ಎರವಲು ತಂದದ್ದು

ವಾಸ್ತವ: ನಡೆದದ್ದು ತಿರುಗುಮುರುಗು. 1820ರ ದಶಕದಲ್ಲಿ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್ ಕೆಟ್ಟ ಸಾಸೇಜ್ ತಿಂದು ಸ್ನಾಯುಗಳ ಸ್ವಾಧೀನ ಕಳೆದುಕೊಂಡವರನ್ನು ಅಧ್ಯಯನ ಮಾಡಿ, ಅದರಲ್ಲಿದ್ದ ವಿಷವನ್ನು, ಅಂದರೆ ಇಂದಿನ ಬೊಟುಲಿನಂ ಅನ್ನು, ಅತಿ ಕಡಿಮೆ ಪ್ರಮಾಣದಲ್ಲಿ ಔಷಧವಾಗಿ ಬಳಸಬಹುದು ಎಂದು ಬರೆದ. ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಅದನ್ನು ಮೆಳ್ಳೆಗಣ್ಣಿಗೆ ಬಳಸಿ ತೋರಿಸಿದ್ದು ಒಂದೂವರೆ ಶತಮಾನದ ಮೇಲೆ. ಅಮೆರಿಕದ ಔಷಧ ಇಲಾಖೆ 1989ರಲ್ಲಿ ಕೊಟ್ಟ ಮೊದಲ ಒಪ್ಪಿಗೆ ಕಣ್ಣಿನ ತೊಂದರೆಗಳಿಗೆ. ಸುಕ್ಕಿನ ಸರದಿ ಬಂದದ್ದು 2002ರಲ್ಲಿ. ತೋಳಿನ ಸ್ಪಾಸ್ಟಿಸಿಟಿಗೆ ಅದೇ ಇಲಾಖೆ ಒಪ್ಪಿದ್ದು 2010ರಲ್ಲಿ, ವಯಸ್ಕರ ಕಾಲಿಗೆ 2016ರಲ್ಲಿ. ವೈದ್ಯರು ಅದಕ್ಕೂ ಮೊದಲಿನಿಂದ ಬಳಸುತ್ತಲೇ ಇದ್ದರು.

ನರದ ತುದಿಯಿಂದ ಅಸಿಟೈಲ್ಕೋಲಿನ್ ಹೊರಬರದಂತೆ ತಡೆಯುವುದು ಇದರ ಕೆಲಸ. ಪರಿಣಾಮ ಕಾಣಲು ಕೆಲವು ದಿನ ಬೇಕು, ನಾಲ್ಕರಿಂದ ಆರು ವಾರದಲ್ಲಿ ಉತ್ತುಂಗ, ಸುಮಾರು ಮೂರು ತಿಂಗಳಿಗೆ ಮಾಸುತ್ತದೆ. ಸಾಮಾನ್ಯವಾಗಿ 12 ವಾರದೊಳಗೆ ಮತ್ತೆ ಹಾಕುವುದಿಲ್ಲ, ಬೇಗಬೇಗ ಹಾಕಿದರೆ ದೇಹ ಪ್ರತಿಕಾಯ ಬೆಳೆಸಿಕೊಂಡು ಮುಂದೆ ಔಷಧ ನಾಟದೇ ಹೋಗಬಹುದು. ಇನ್ನೊಂದು ಅಪಾಯದ ವಿಷಯ: ಬೊಟಾಕ್ಸ್, ಡಿಸ್ಪೋರ್ಟ್, ಜಿಯೊಮಿನ್ ಎಂಬ ಬ್ರ್ಯಾಂಡ್‌ಗಳಲ್ಲಿ ಎಲ್ಲದರ ಅಳತೆಗೂ 'ಯೂನಿಟ್' ಎಂದೇ ಹೆಸರು, ಆದರೆ ಒಂದರ ಯೂನಿಟ್ ಇನ್ನೊಂದರದ್ದಕ್ಕೆ ಸಮವಲ್ಲ. ಬ್ರ್ಯಾಂಡ್ ಬದಲಿಸಿ ಅದೇ ಅಂಕಿ ಬರೆದರೆ ಪ್ರಮಾಣ ತಪ್ಪುತ್ತದೆ. ಔಷಧ ದೂರದ ಸ್ನಾಯುಗಳಿಗೂ ಹರಡಿ ನುಂಗಲು, ಉಸಿರಾಡಲು ತೊಂದರೆಯಾದೀತು ಎಂಬ ಎಚ್ಚರಿಕೆ 2009ರಿಂದ ಅಮೆರಿಕದಲ್ಲಿ ಡಬ್ಬಿಯ ಜೊತೆಯ ಕಾಗದದಲ್ಲೇ ಇದೆ.

ತಪ್ಪು ಕಲ್ಪನೆ: ಇಂಜೆಕ್ಷನ್ ಹಾಕುವುದನ್ನು ಒಂದು ವಾರಾಂತ್ಯದ ಕಾರ್ಯಾಗಾರದಲ್ಲಿ ಕಲಿಯಬಹುದು

ವಾಸ್ತವ: ಸೂಜಿ ಹಿಡಿಯುವುದನ್ನು ಕಲಿಯಬಹುದು. ಕಾರ್ಯಾಗಾರಗಳ ಬಗ್ಗೆ ನನಗೆ ತಾತ್ಸಾರವಿಲ್ಲ, ಅಲ್ಟ್ರಾಸೌಂಡ್ ಪರದೆಯ ಮೇಲೆ ಸೂಜಿಯ ತುದಿಯನ್ನು ಗುರುತಿಸುವುದು ಅಲ್ಲಿ ಚೆನ್ನಾಗಿ ಅಭ್ಯಾಸವಾಗುತ್ತದೆ. ಕಷ್ಟದ ಪ್ರಶ್ನೆ ಯಾವ ಸ್ನಾಯುವಿಗೆ ಎಂಬುದು.

ಮಡಚಿದ ಮೊಣಕೈಯನ್ನೇ ತೆಗೆದುಕೊಳ್ಳಿ. ಅದನ್ನು ಮಡಚುವ ಮುಖ್ಯ ಸ್ನಾಯುಗಳು ಮೂರು: ಬೈಸೆಪ್ಸ್, ಅದರ ಕೆಳಗೆ ಅಡಗಿರುವ ಬ್ರೇಕಿಯಾಲಿಸ್, ಮುಂಗೈಗೆ ಇಳಿಯುವ ಬ್ರೇಕಿಯೊರೇಡಿಯಾಲಿಸ್. ಕಣ್ಣಿಗೆ ಕಾಣುವುದು ಬೈಸೆಪ್ಸ್, ಹೊಸಬರ ಸೂಜಿ ನೇರ ಅಲ್ಲಿಗೇ ಹೋಗುತ್ತದೆ. ಆದರೆ ಬೈಸೆಪ್ಸ್ ಮೊಣಕೈ ಮಡಚುವುದರ ಜೊತೆಗೆ ಅಂಗೈಯನ್ನು ಮೇಲ್ಮುಖವಾಗಿಯೂ ತಿರುಗಿಸುತ್ತದೆ. ರೋಗಿಯ ಅಂಗೈ ನೆಲದ ಕಡೆ ತಿರುಗಿದ್ದರೆ ಬೈಸೆಪ್ಸ್ ಮುಖ್ಯ ಅಪರಾಧಿ ಆಗಿರುವ ಸಾಧ್ಯತೆ ಕಡಿಮೆ. ಉಳಿದ ಇಬ್ಬರನ್ನು ಹುಡುಕಬೇಕು. ಬೈಸೆಪ್ಸ್‌ಗೆ ಔಷಧ ಕೊಟ್ಟರೆ ಮೊಣಕೈ ಹೆಚ್ಚು ಬಿಡುವುದಿಲ್ಲ, ಇದ್ದ ಬಲದಲ್ಲೂ ಒಂದಿಷ್ಟು ಹೋಗುತ್ತದೆ, ಮೂರು ತಿಂಗಳು ಕಾಯಬೇಕು. 'ಬೊಟಾಕ್ಸ್ ನನಗೆ ನಾಟಲಿಲ್ಲ' ಎಂದು ರೋಗಿ ಹೇಳಿಕೊಂಡು ತಿರುಗುತ್ತಾರೆ.

ಬೆರಳುಗಳ ವಿಷಯ ಇನ್ನೂ ಸೂಕ್ಷ್ಮ. ಮುಂಗೈಯಲ್ಲಿ ಬೆರಳು ಮಡಚುವ ಸ್ನಾಯುಗಳು ಎರಡು ಪದರದಲ್ಲಿವೆ. ಬೆರಳಿನ ತುದಿಗೆಣ್ಣು ಮಡಚಿದೆಯೇ ನಡುಗೆಣ್ಣು ಮಾತ್ರವೇ ಎಂಬುದರ ಮೇಲೆ ಯಾವ ಪದರ ಎಂಬುದು ನಿರ್ಧಾರವಾಗುತ್ತದೆ. ಅದರೊಳಗೂ ಒಂದೊಂದು ಬೆರಳಿಗೆ ಒಂದೊಂದು ಎಳೆ ಇದೆ. ಅಲ್ಟ್ರಾಸೌಂಡ್ ಇಟ್ಟು, ಬೆರಳನ್ನು ಒಂದೊಂದಾಗಿ ಆಡಿಸುತ್ತ, ಪರದೆಯ ಮೇಲೆ ಯಾವ ಎಳೆ ಜಾರುತ್ತದೆ ಎಂದು ನೋಡಬೇಕು. ಇಲ್ಲವಾದರೆ ವಿದ್ಯುತ್ ಪ್ರಚೋದನೆ ಕೊಡುವ ಸೂಜಿ ಚುಚ್ಚಿ ಯಾವ ಬೆರಳು ಕುಣಿಯಿತು ಎಂದು ಗಮನಿಸಬೇಕು.

ಇನ್ನೂ ಅನುಮಾನ ಉಳಿದರೆ ಒಂದು ಚೆಂದದ ಉಪಾಯವಿದೆ. ಸ್ನಾಯುವಿಗೆ ಹೋಗುವ ನರದ ಪಕ್ಕ ಸ್ವಲ್ಪ ಲಿಗ್ನೊಕೇನ್ ಕೊಡುವುದು, ಹಲ್ಲು ಕೀಳುವಾಗ ಹಾಕುವ ಅದೇ ಮರಗಟ್ಟಿಸುವ ಮದ್ದು. ಒಳಕ್ಕೆ ತಿರುಚಿದ ಪಾದದವರಿಗೆ ಮಂಡಿಯ ಹಿಂದೆ ಟಿಬಿಯಲ್ ನರದ ಬಳಿ ಹಾಕಿ, ಹತ್ತು ನಿಮಿಷ ಕಾದು, ಎಬ್ಬಿಸಿ ನಡೆಸುತ್ತಾರೆ. ಹಿಮ್ಮಡಿ ನೆಲ ಮುಟ್ಟಿತೇ? ಹಾಗಾದರೆ ಬಿಗಿತ ನರದ್ದು. ಮುಟ್ಟಲಿಲ್ಲವೇ? ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗಿದೆ, ಮೂಳೆ ವೈದ್ಯರನ್ನು ಕರೆಯಬೇಕು. ಹಿಮ್ಮಡಿ ಮುಟ್ಟಿತು, ಆದರೆ ಮಂಡಿ ಕುಸಿಯಿತೇ? ಬಿಗಿತವೇ ಅವರನ್ನು ನಿಲ್ಲಿಸಿತ್ತು, ಕೈಹಾಕಬಾರದು. ಕೆಲವು ಗಂಟೆಯಲ್ಲಿ ಎಲ್ಲ ಮೊದಲಿನಂತಾಗುತ್ತದೆ, ಮೂರು ತಿಂಗಳ ಪಶ್ಚಾತ್ತಾಪವಿಲ್ಲ.

ವಾರಾಂತ್ಯದ ತರಬೇತಿಯಲ್ಲಿ ಸಿಗಲಾರದ ಇನ್ನೊಂದು ವಸ್ತು ಸಮಯ. ಶನಿವಾರ ಹಾಕಿದ ಇಂಜೆಕ್ಷನ್ ಭಾನುವಾರ ಏನನ್ನೂ ಹೇಳುವುದಿಲ್ಲ. ತಾನು ಆರಿಸಿದ ಸ್ನಾಯು ಸರಿಯೇ, ಪ್ರಮಾಣ ಸಾಕೇ ಎಂಬುದಕ್ಕೆ ಉತ್ತರ ಬರುವುದು ಅದೇ ರೋಗಿ ಆರನೇ ವಾರ ಎದುರು ಬಂದು ಕೂತಾಗ. ಒಂದು ವರ್ಷ ಒಂದೇ ಕ್ಲಿನಿಕ್‌ನಲ್ಲಿ ಇದ್ದ ಫೆಲೋ ಒಬ್ಬ ರೋಗಿಯ ನಾಲ್ಕು ಸುತ್ತು ನೋಡುತ್ತಾರೆ. ಮೊದಲ ಸುತ್ತಿನ ತಪ್ಪು ಎರಡನೆಯದರಲ್ಲಿ ತಿದ್ದುವುದು ಕಣ್ಣೆದುರೇ ನಡೆಯುತ್ತದೆ. ಫೆಲೋಶಿಪ್ ಯಾಕೆ ಅಷ್ಟು ಉದ್ದ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೊಂದೇ: ಔಷಧದ ಪಂಚಾಂಗವೇ ಅಷ್ಟು ಉದ್ದ.

ತಪ್ಪು ಕಲ್ಪನೆ: ದುಬಾರಿ ಔಷಧ ಬಂದಮೇಲೆ ಫೀನಾಲ್ ಹಳೇ ಕಾಲದ್ದು

ವಾಸ್ತವ: ಫೀನಾಲ್ 1960ರ ದಶಕದಿಂದ ಈ ಕೆಲಸಕ್ಕೆ ಬಳಕೆಯಲ್ಲಿದೆ. ಶೇ 5–7ರ ದ್ರಾವಣವನ್ನು ಸ್ನಾಯುವಿನ ನರಕ್ಕೆ ಒತ್ತಾಗಿ ಕೊಟ್ಟರೆ ನರದ ಎಳೆಗಳು ಸ್ವಲ್ಪಮಟ್ಟಿಗೆ ನಾಶವಾಗಿ ಬಿಗಿತ ಕೆಲವೇ ನಿಮಿಷಗಳಲ್ಲಿ ಸಡಿಲುತ್ತದೆ, ಪರಿಣಾಮ ತಿಂಗಳುಗಟ್ಟಲೆ ಇರುತ್ತದೆ. ಬೆಲೆ ಬೊಟುಲಿನಂನ ಹತ್ತಿರಕ್ಕೂ ಬರುವುದಿಲ್ಲ. ತೊಡೆಗಳು ಕತ್ತರಿಯಂತೆ ಹೆಣೆದುಕೊಳ್ಳುವವರಿಗೆ ಆಬ್ಟ್ಯುರೇಟರ್ ನರಕ್ಕೆ, ಮೊಣಕೈಗೆ ಮಸ್ಕ್ಯುಲೋಕ್ಯುಟೇನಿಯಸ್ ನರಕ್ಕೆ ಕೊಡುವುದು ವಾಡಿಕೆ. ದೊಡ್ಡ ಸ್ನಾಯುಗಳನ್ನು ಫೀನಾಲ್‌ಗೆ ಬಿಟ್ಟು, ದುಬಾರಿ ಬೊಟುಲಿನಂ ಯೂನಿಟ್‌ಗಳನ್ನು ಬೆರಳುಗಳಿಗೆ ಉಳಿಸಿಕೊಳ್ಳುವ ಲೆಕ್ಕಾಚಾರವೂ ಇದೆ.

ಹಾಗಾದರೆ ಎಲ್ಲರೂ ಯಾಕೆ ಬಳಸುವುದಿಲ್ಲ? ಸೂಜಿಯ ತುದಿ ನರದ ಸನಿಹಕ್ಕೇ ಹೋಗಬೇಕು. ಸ್ಪರ್ಶ ಒಯ್ಯುವ ಎಳೆಗಳೂ ಇರುವ ನರಕ್ಕೆ ತಗುಲಿದರೆ ವಾರಗಟ್ಟಲೆ ಉರಿನೋವು. ರಕ್ತನಾಳದೊಳಕ್ಕೆ ಹೋದರೆ ಇನ್ನೂ ಗಂಡಾಂತರ. ಬೊಟುಲಿನಂ ಸ್ವಲ್ಪ ಆಚೀಚೆಯಾದರೂ ಕ್ಷಮಿಸುತ್ತದೆ, ಫೀನಾಲ್ ಕ್ಷಮಿಸುವುದಿಲ್ಲ. ವಿಚಿತ್ರ ನೋಡಿ: ಬಡ ರೋಗಿಗೆ ಎಟಕುವ ಔಷಧ, ವೈದ್ಯರಿಂದ ಹೆಚ್ಚು ಕಲಿಕೆಯನ್ನು ಬೇಡುತ್ತದೆ. ಕಂಪನಿಗಳು ಬೊಟುಲಿನಂ ಕಾರ್ಯಾಗಾರಕ್ಕೆ ಮುಂದೆ ಬರುತ್ತವೆ, ಫೀನಾಲ್ ಕಲಿಸುವುದರಲ್ಲಿ ಯಾರಿಗೆ ಲಾಭ? ನಮ್ಮ ದೇಶದ ಯಾವುದೇ ತರಬೇತಿಯಲ್ಲಿ ಫೀನಾಲ್ ಇಲ್ಲದಿದ್ದರೆ ಅದನ್ನು ಪೂರ್ಣ ಎನ್ನಲು ನನಗೆ ಮನಸ್ಸು ಬಾರದು.

ತಪ್ಪು ಕಲ್ಪನೆ: ಬ್ಯಾಕ್ಲೋಫೆನ್ ಪಂಪ್ ಶಸ್ತ್ರವೈದ್ಯರ ವಿಷಯ

ವಾಸ್ತವ: ಹೊಟ್ಟೆಯ ಚರ್ಮದಡಿ ಪಂಪ್ ಕೂರಿಸಿ ಬೆನ್ನುಹುರಿಯ ದ್ರವಕ್ಕೆ ನಳಿಕೆ ಎಳೆಯುವುದು ಶಸ್ತ್ರವೈದ್ಯರು. ಅದಾದ ಮೇಲೆ ವರ್ಷಗಟ್ಟಲೆ ಅದನ್ನು ನಡೆಸುವುದು ಇನ್ಯಾರೋ.

ಬ್ಯಾಕ್ಲೋಫೆನ್ ಮಾತ್ರೆ ಮೊದಲು ತಯಾರಾದದ್ದು ಫಿಟ್ಸ್‌ಗೆ, 1962ರಲ್ಲಿ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ. ಫಿಟ್ಸ್‌ಗೆ ನಿರಾಸೆ ತಂದದ್ದು ಬಿಗಿತಕ್ಕೆ ಉಪಯೋಗಕ್ಕೆ ಬಂತು. ಆದರೆ ಮಾತ್ರೆ ಬಿಗಿತ ಇಳಿಸುವಷ್ಟು ಕೊಟ್ಟರೆ ಅನೇಕರಿಗೆ ದಿನವಿಡೀ ತೂಕಡಿಕೆ. 1984ರಲ್ಲಿ ಪೆನ್ ಮತ್ತು ಕ್ರೊಯಿನ್ ಅದನ್ನು ನೇರ ಬೆನ್ನುಹುರಿಯ ದ್ರವಕ್ಕೆ ಕೊಟ್ಟು ನೋಡಿದರು. ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪಿನದು ಮೈಕ್ರೊಗ್ರಾಂನಲ್ಲಿ. ಮೊದಲು ಸೊಂಟದಲ್ಲಿ ಸೂಜಿ ಹಾಕಿ ಸಾಮಾನ್ಯವಾಗಿ 50 ಮೈಕ್ರೊಗ್ರಾಂ ಪರೀಕ್ಷಾರ್ಥ ಕೊಡುತ್ತಾರೆ, ಬಿಗಿತ ಇಳಿದರೆ ಮಾತ್ರ ಮುಂದಿನ ಮಾತು.

ಆಮೇಲೆ ಕೆಲವು ತಿಂಗಳಿಗೊಮ್ಮೆ ಚರ್ಮದ ಮೂಲಕ ಸೂಜಿ ಹಾಕಿ ಪಂಪ್ ತುಂಬಬೇಕು. ಸೂಜಿ ಪಂಪಿನ ಬಾಯಿ ತಪ್ಪಿ ಪಕ್ಕದ ಚರ್ಮದಡಿ ಸುರಿದರೆ ರೋಗಿ ಕೋಮಾಕ್ಕೆ ಹೋಗಬಹುದು. ಎಂಆರ್‌ಐ ಯಂತ್ರದೊಳಗೆ ಕೆಲವು ಪಂಪ್‌ಗಳು ತಾತ್ಕಾಲಿಕವಾಗಿ ನಿಲ್ಲುತ್ತವೆ, ಹೊರಬಂದ ಮೇಲೆ ಮತ್ತೆ ಓಡುತ್ತಿದೆಯೇ ಎಂದು ನೋಡಲೇಬೇಕು. ನಳಿಕೆ ಮಡಚಿ ಔಷಧ ನಿಂತರೆ ಮೊದಲು ಮೈ ತುರಿಕೆ, ಹಿಂದೆಯೇ ಬಿಗಿತ ವಾಪಸು, ಜ್ವರ, ಭ್ರಮೆ, ಫಿಟ್ಸ್. ರಾತ್ರಿ ಪಾಳಿಯ ವೈದ್ಯರು ಅದನ್ನು ಸೋಂಕೆಂದು ತಿಳಿದು ಆಂಟಿಬಯಾಟಿಕ್ ಹಾಕಿ ಮಲಗಿಸಿದರೆ ಜೀವಕ್ಕೇ ಸಂಚಕಾರ. ತುರಿಕೆ ಎಂದ ಕೂಡಲೇ ಪಂಪ್ ನೆನಪಾಗುವುದು ಇಂಥ ರೋಗಿಗಳ ಮನೆಯಿಂದ ಬರುವ ಫೋನ್ ಕರೆಗಳಿಗೆ ಉತ್ತರಿಸಿ ಅಭ್ಯಾಸವಾದವರಿಗೆ.

ಪಂಪ್ ಇಲ್ಲದವರಿಗೂ ಒಂದು ಮಾತು. ಬ್ಯಾಕ್ಲೋಫೆನ್ ಮಾತ್ರೆಯನ್ನು ಒಂದೇ ದಿನ ನಿಲ್ಲಿಸಬಾರದು. 'ಮಾತ್ರೆ ಮುಗಿದಿತ್ತು, ಸಂತೆ ದಿನ ತಂದರಾಯಿತು ಅಂತ ಬಿಟ್ಟೆವು' ಎಂಬುದು ಅಪಾಯಕ್ಕೆ ಆಹ್ವಾನ.

ತಪ್ಪು ಕಲ್ಪನೆ: ಮಕ್ಕಳೂ ಅಷ್ಟೇ, ಪ್ರಮಾಣ ಮಾತ್ರ ಕಡಿಮೆ

ವಾಸ್ತವ: ಮಕ್ಕಳು ಬೆಳೆಯುತ್ತಾರೆ. ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಜೊತೆ ಹಿಗ್ಗುವುದಿಲ್ಲ. ಸೆರೆಬ್ರಲ್ ಪಾಲ್ಸಿಯ ಮಗುವಿನ ತೊಡೆಮೂಳೆ ಸದ್ದಿಲ್ಲದೆ ಸೊಂಟದ ಕೀಲಿನಿಂದ ಹೊರಕ್ಕೆ ಜಾರುತ್ತಿರಬಹುದು. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ 1994ರಲ್ಲಿ ಇಂಥ ಮಕ್ಕಳನ್ನೆಲ್ಲ ಪಟ್ಟಿಮಾಡಿ ನಿಯಮಿತವಾಗಿ ಸೊಂಟದ ಎಕ್ಸ್‌ರೇ ತೆಗೆಯುವ ಕಾರ್ಯಕ್ರಮ ಆರಂಭಿಸಿದರು. ಸೊಂಟ ಪೂರ್ತಿ ಜಾರಿದ ಮಕ್ಕಳು ಅಲ್ಲಿ ಈಗ ಅಪರೂಪ. ಬಿಗಿತದ ಕ್ಲಿನಿಕ್‌ಗೆ ಬಂದ ಮಗುವಿನ ಎಕ್ಸ್‌ರೇ ಕೇಳದ ವೈದ್ಯರು ಇಂಜೆಕ್ಷನ್ ಎಷ್ಟು ಚೆನ್ನಾಗಿ ಹಾಕಿದರೇನು?

ತಪ್ಪು ಕಲ್ಪನೆ: ಫೆಲೋಶಿಪ್ ಎಂದರೆ ಹೆಸರಿನ ಮುಂದೆ ಇನ್ನೊಂದು ಡಿಗ್ರಿ

ವಾಸ್ತವ: ಅಲ್ಲ. ಅಮೆರಿಕದಲ್ಲಿ ಪುನಶ್ಚೇತನ ವೈದ್ಯರಿಗೆ ಮಿದುಳಿನ ಗಾಯ, ಬೆನ್ನುಹುರಿ ಗಾಯ, ಮಕ್ಕಳ ಪುನಶ್ಚೇತನ ಎಂಬ ಮಾನ್ಯತೆಯ ಉಪವಿಭಾಗಗಳಿವೆ. ಸ್ಪಾಸ್ಟಿಸಿಟಿಗೆಂದು ಪ್ರತ್ಯೇಕ ಬೋರ್ಡ್ ಪರೀಕ್ಷೆ ಇಲ್ಲ. ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳು ತಮ್ಮ ಮಟ್ಟದಲ್ಲಿ ನಡೆಸುತ್ತವೆ, ಗುಣಮಟ್ಟ ಅಲ್ಲಿನ ಗುರುಗಳನ್ನೂ ರೋಗಿಗಳನ್ನೂ ನಂಬಿಕೊಂಡಿರುತ್ತದೆ. ಆದ್ದರಿಂದ ಪ್ರಮಾಣಪತ್ರದ ಚೌಕಟ್ಟು ನೋಡಿ ಮರುಳಾಗಬೇಕಿಲ್ಲ. ಸೇರುವ ವೈದ್ಯರು ಕೇಳಬೇಕಾದದ್ದು: ಇಂಜೆಕ್ಷನ್ ನಾನೇ ಹಾಕುತ್ತೇನೋ, ಪಕ್ಕ ನಿಂತು ನೋಡುತ್ತೇನೋ? ನಾನು ಹಾಕಿದವರನ್ನು ಮತ್ತೆ ನಾನೇ ನೋಡುತ್ತೇನೋ? ಫಿಸಿಯೋಥೆರಪಿಸ್ಟ್, ಸ್ಪ್ಲಿಂಟ್ ಮಾಡುವವರು, ಮೂಳೆ ವೈದ್ಯರು ಒಂದೇ ಕೊಠಡಿಯಲ್ಲಿ ಕೂರುತ್ತಾರೋ?

ತಪ್ಪು ಕಲ್ಪನೆ: ಇದೆಲ್ಲ ಹೊರದೇಶದ ವಿದ್ಯೆ

ವಾಸ್ತವ: ಪುನಶ್ಚೇತನದ ವಿದ್ಯೆ ನಮ್ಮ ನೆರೆಯಲ್ಲೇ ಗಟ್ಟಿಯಾಗಿ ಬೇರೂರಿದೆ. 1954ರಲ್ಲಿ ಕಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ವೈದ್ಯೆ ಮೇರಿ ವರ್ಗೀಸ್, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯಕೀಯ ಕಲಿತು ಬಂದರು. ವೆಲ್ಲೂರಿನ ಸಿಎಂಸಿಯಲ್ಲಿ ಅದರ ವಿಭಾಗ ಕಟ್ಟಿದರು, 1966ರಲ್ಲಿ ಪುನಶ್ಚೇತನ ಸಂಸ್ಥೆಯೂ ತೆರೆಯಿತು. ಆಗಲೇ ವೈದ್ಯರಾಗಿದ್ದವರು ಮತ್ತೆ ಶಿಷ್ಯರಾಗಿ ಹೋಗಿ ಬಂದದ್ದರ ಫಲ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ಜಿಲ್ಲೆಗಳಲ್ಲಿ ಮಾತ್ರ ಪರಿಸ್ಥಿತಿ ತೆಳು. ಲಕ್ವ ಹೊಡೆದವರು ಎಲ್ಲ ಊರಲ್ಲಿದ್ದಾರೆ, ಎರಡು ವೇಗದಲ್ಲಿ ಮೊಣಕೈ ಎಳೆದು ನೋಡುವವರು ದೊಡ್ಡ ಊರುಗಳಲ್ಲಿದ್ದಾರೆ.

ತಪ್ಪು ಕಲ್ಪನೆ: ಇಂಜೆಕ್ಷನ್ ಆಯಿತು, ಇನ್ನು ವ್ಯಾಯಾಮ ಬೇಡ

ವಾಸ್ತವ: ಔಷಧ ತೆರೆದುಕೊಡುವುದು ಮೂರು ತಿಂಗಳ ಅವಕಾಶ. ಆ ಅವಧಿಯಲ್ಲಿ ಸ್ನಾಯು ಹಿಗ್ಗಿಸಿ, ಸ್ಪ್ಲಿಂಟ್ ಕಟ್ಟಿ, ಕೈಗೆ ಕೆಲಸ ಕೊಟ್ಟರಷ್ಟೇ ಹಣಕ್ಕೆ ಬೆಲೆ. ಕ್ಲಿನಿಕ್‌ಗೆ ಹೋಗುವಾಗ ರೋಗಿ ನಡೆಯುವುದನ್ನೂ ಬಟ್ಟೆ ತೊಡುವುದನ್ನೂ ಮೊಬೈಲ್‌ನಲ್ಲಿ ಚಿತ್ರಿಸಿಕೊಂಡು ಹೋಗಿ. ವೈದ್ಯರ ಮುಂದೆ ಹೆದರಿಕೆಗೆ ಬಿಗಿತ ಏರುವುದುಂಟು, ಮನೆಯದ್ದು ಬೇರೆಯೇ ಇರುತ್ತದೆ. ಮೂಲೆಗೆ ಬಿಸಾಡಿದ ಹಳೇ ಸ್ಪ್ಲಿಂಟ್ ಇದ್ದರೆ ಅದನ್ನೂ ಒಯ್ಯಿರಿ, ಯಾಕೆ ಹಾಕಿಕೊಳ್ಳಲಾಗಲಿಲ್ಲ ಎಂಬುದು ಅದರ ಮೇಲಿನ ಗುರುತಿನಲ್ಲೇ ತಿಳಿಯುತ್ತದೆ. ಹಿಂದೆ ಇಂಜೆಕ್ಷನ್ ಆಗಿದ್ದರೆ ಆ ಚೀಟಿ ಜೊತೆಗಿರಲಿ: ಯಾವ ಬ್ರ್ಯಾಂಡ್, ಎಷ್ಟು ಯೂನಿಟ್, ಯಾವ ಸ್ನಾಯು, ಯಾವ ದಿನ. ಈ ನಾಲ್ಕೂ ಅದರಲ್ಲಿ ಇಲ್ಲದಿದ್ದರೆ ಹಾಕಿದವರ ಬಳಿ ಹೋಗಿ ಬರೆಸಿಕೊಂಡು ಬನ್ನಿ.